ಎರಡು ಕವಳದ ಹೊತ್ತು

ಮಣ್ಣಿನ ಹೆಂಟೆ ಕೈಯಿಂದ ಕೈಗೆ ದಾಟುತ್ತ ಕಟ್ಟೆಯ ಕಡೆ ಸಾಗುತ್ತಿತ್ತು. ಮೇ ತಿಂಗಳ ಕೊನೆಯ ವಾರ. ಪಡುವಣದಲ್ಲಿ ಸಮುದ್ರದ ಮೇಲೆ ಮೋಡ ದಿನಕ್ಕೊಂದು ಮೊಳ ಏರಿ ನಿಲ್ಲುತ್ತಿತ್ತು, ಬೀಳುತ್ತಿರಲಿಲ್ಲ. ಅದು ಬೀಳುವುದರೊಳಗೆ ಗಜನಿಯ, ಎಂದರೆ ಹಳ್ಳದಂಚಿನ ತಗ್ಗುಗದ್ದೆಗಳ, ಕಟ್ಟೆ ಮುಗಿಯಬೇಕು. ಹಳ್ಳದ ಉಪ್ಪುನೀರನ್ನು ಗದ್ದೆಯಿಂದ ಹೊರಗಿಡುವುದು ಆ ಮಣ್ಣಿನ ಕಟ್ಟೆ ಒಂದೇ. ಎಷ್ಟು ಉಪ್ಪು ತಡೆಯುವ ಕಗ್ಗದ ಭತ್ತವಾದರೂ ಎಳೆಯ ಸಸಿಯ ಮೇಲೆ ಎಂಟು ದಿನ ಹಳ್ಳದ ನೀರು ನಿಂತರೆ ಬುಡ ಕೊಳೆಯುತ್ತದೆ. ಆಮೇಲೆ ಭಾವಿಕೇರಿಯ ಆ ಬದಿಯ ನಲವತ್ತು ಮನೆಗಳಿಗೆ ವರ್ಷವಿಡೀ ಅಂಗಡಿಯ ಅಕ್ಕಿಯೇ ಗತಿ.

ಇಳಿತದ ಹೊತ್ತು ನೋಡಿ ಕೆಲಸಕ್ಕೆ ಇಳಿಯುವುದು ರೂಢಿ. ಹಳ್ಳದ ನೀರು ತಳ ಕಂಡಾಗ ಕೆಲವರು ಕೆಳಗೆ ನಿಂತು ಕಪ್ಪು ಮಣ್ಣು ಕಡಿದು ಕೊಡುತ್ತಾರೆ. ಉಳಿದವರು ಸಾಲಾಗಿ ನಿಂತು ದಾಟಿಸುತ್ತಾರೆ. ಮೇಲಿನವರು ಕಟ್ಟೆಗೆ ಹೊಡೆದು ಮೆತ್ತುತ್ತಾರೆ. ಭರತದ ನೀರು ಮತ್ತೆ ಏರತೊಡಗಿದರೆ ಆ ದಿನದ ಕೆಲಸ ಮುಗಿಯಿತು.

ಸಾಲಿನಲ್ಲಿ ಸತೀಶ ಹನ್ನೊಂದನೆಯವನು. ಮೂರು ವರ್ಷದಿಂದ ಆ ಜಾಗವನ್ನು ಅವನೇ ಆರಿಸಿಕೊಳ್ಳುತ್ತಿದ್ದ. ಅಲ್ಲಿ ನಿಂತರೆ ಜಂತ್ರಡಿಗೆ ಬೆನ್ನು ಬೀಳುತ್ತಿತ್ತು. ಕಟ್ಟೆಯ ನಡುವೆ ಕಲ್ಲು ಕಟ್ಟಿ, ಆ ಕಲ್ಲಿಗೆ ಕೊರೆದ ಸೀಳಿನಲ್ಲಿ ಒಂದರ ಮೇಲೊಂದು ಮರದ ಹಲಗೆ ಇಳಿಸಿದ ಆ ಬಾಗಿಲಿಗೆ ಊರಿನವರು ಹೇಳುವುದು ಜಂತ್ರಡಿ ಎಂದು. ಹಲಗೆ ಎತ್ತಿದರೆ ಗದ್ದೆಯ ಮಳೆನೀರು ಹಳ್ಳಕ್ಕೆ; ಇಳಿಸಿದರೆ ಹಳ್ಳದ ನೀರು ಹೊರಗೆ. ಸತೀಶ ಆ ಕಡೆ ತಿರುಗುತ್ತಿರಲಿಲ್ಲ. ಆದರೆ ಕಲ್ಲಿನ ಸಂದಿಯಲ್ಲಿ ನೀರು ಗೊಳಗೊಳ ಎನ್ನುವುದು ಬೆನ್ನಿಗೂ ಕೇಳುತ್ತದೆ.

ಗಜನಿ ಕಮಿಟಿಯ ಹಿರಿಯ ಪುಂಡಲೀಕ ಕೊಡೆಯನ್ನು ಕೋಲಿನಂತೆ ಊರಿಕೊಂಡು ಕಟ್ಟೆಯ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದ. ಸತೀಶನ ದೊಡ್ಡಪ್ಪನ ಮಗ. ಸತೀಶನ ಗದ್ದೆಯ ನೀರು ಹರಿದು ಹೋಗಬೇಕಾದದ್ದು ಅವನ ಗದ್ದೆಯ ಅಂಚಿನಿಂದಲೇ. ಯಾರನ್ನೂ ಗದರಿಸುವವನಲ್ಲ ಪುಂಡಲೀಕ. ಸಣ್ಣ ದನಿಯಲ್ಲಿ, ಹಲ್ಲಿನ ಸಂದಿಯಿಂದ ಒಂದೊಂದೇ ಮಾತು ಬಿಡುವವನು. ಸಾಲಿನಲ್ಲಿ ಸತೀಶನ ಹತ್ತಿರ ಬಂದಾಗೆಲ್ಲ ನಿಂತು, "ನಮ್ಮ ಮಾಸ್ತರ್ರಿಗೆ ಹಗೂರದ ಹೆಂಟೆ ಕೊಡ್ರೋ, ಮಧ್ಯಾನ ಕಾರವಾರಕ್ಕೆ ಹೋಗಿ ಬುದ್ಧಿ ಹಂಚಬೇಕು" ಎನ್ನುತ್ತಿದ್ದ. ಜನ ನಗುತ್ತಿದ್ದರು. ಸತೀಶನೂ ನಗುತ್ತಿದ್ದ.

ಕಟ್ಟೆಯ ಕೊನೆಗೆ ಒಂದು ಗದ್ದೆ ಬೀಳುಬಿದ್ದಿತ್ತು. ಉಪ್ಪುಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಅದರ ಬದುವಿನ ಮೇಲೆ ಗಂಗೂ ಕುಕ್ಕುರುಗಾಲಲ್ಲಿ ಕೂತಿದ್ದಳು, ಪಕ್ಕದಲ್ಲಿ ಬಿದಿರ ಬುಟ್ಟಿ. ತೀರಿಕೊಂಡ ದುರ್ಗಪ್ಪನ ಹೆಂಡತಿ. ಗಜನಿಯಲ್ಲಿ ಪಾಲಿದ್ದ ಪ್ರತಿ ಮನೆಯಿಂದಲೂ ವರ್ಷಕ್ಕೊಮ್ಮೆ ಕಟ್ಟೆಗೆ ಮಣ್ಣು ಬೀಳಬೇಕು. ಅದು ಬಿದ್ದರೆ ಆ ಮನೆಗೆ ನೀರಿನ ಪಾಲು, ಸುಗ್ಗಿ ಮುಗಿದ ಮೇಲಿನ ಮೀನಿನ ಪಾಲು. ಗಂಗೂನ ಮನೆಯ ಮಣ್ಣು ಕಟ್ಟೆಗೆ ಬೇಡ ಎಂದು ದುರ್ಗಪ್ಪ ಸತ್ತ ವರ್ಷವೇ ತೀರ್ಮಾನವಾಗಿತ್ತು. ಮೀನಿನ ಆಸೆಗೆ ಕದ್ದು ಹಲಗೆ ಎತ್ತಲು ಹೋಗಿ ತಾನೂ ಸತ್ತ, ಕಟ್ಟೆಯನ್ನೂ ಒಡೆಸಿದ, ನಲವತ್ತು ಮನೆಯ ಅನ್ನಕ್ಕೆ ಉಪ್ಪು ಹಾಕಿದ. ಆ ಋಣ ಆ ಮನೆಯ ಮೇಲಿದೆ ಎಂದರು ಹಿರಿಯರು. ಮೂರು ಮಳೆಗಾಲ ಮಣ್ಣು ಬೀಳದ ಮನೆಯ ಪಾಲು ಗಜನಿಗೇ ಸೇರುವುದೂ ರೂಢಿಯೇ. ಇದು ಮೂರನೆಯದು. ನಾಳೆ ಶನಿವಾರ ಕೊನೆಯ ದಿನ.

"ಅದು ಎಂತಕೆ ಅಲ್ಲಿ ಕೂತ್ಕಂಡದೆ?" ಎಂದ ಪಕ್ಕದ ರೂಪೇಶ, ಹೆಂಟೆಗೆ ಕೈಯೊಡ್ಡುತ್ತ.

"ಯಾರಿಗ್ಗೊತ್ತು" ಎಂದ ಸತೀಶ.

*

ಊಟ ಮಾಡಿ, ಉಗುರಿನ ಸಂದಿಯ ಕಪ್ಪು ಹೋಗುವಷ್ಟು ಕೈ ತಿಕ್ಕಿ, ಸತೀಶ ಕಾರವಾರದ ಬಸ್ಸು ಹಿಡಿದ. ವಾರಕ್ಕೆ ಮೂರು ದಿನ ಹಬ್ಬುವಾಡದಲ್ಲಿ ಪ್ರದೀಪ ಎಂಬವರು ನಡೆಸುವ ತರಬೇತಿ ಕ್ಲಾಸಿನಲ್ಲಿ ಅವನು ತರ್ಕ ಕಲಿಸುತ್ತಿದ್ದ. ಕಾನೂನು ಓದಲು ಬರೆಯಬೇಕಾದ ಪ್ರವೇಶ ಪರೀಕ್ಷೆಗೆ ಇಪ್ಪತ್ತೆರಡು ಮಕ್ಕಳು. ಕಾರವಾರದವರು ಕೊಂಕಣಿಯಲ್ಲಿ ಪಿಸುಗುಟ್ಟುವವರು, ಅಂಕೋಲೆಯ ಕಡೆಯವರು ಸುಮ್ಮನೆ ಕೂರುವವರು. ಇಂಗ್ಲಿಷಿನ ಪ್ರಶ್ನೆಗಳಿಗೆ ಹೆದರುವ ಮಕ್ಕಳಿಗಾಗಿ ಮೊದಲು ಕನ್ನಡದಲ್ಲಿ ಅಂಥವೇ ಪ್ರಶ್ನೆ ಬರೆದು ಕೊಡುವುದು ಅವನ ಪದ್ಧತಿ.

ಆ ವಾರದ ಪಾಠ, ಇಬ್ಬರ ಮಾತಿನಲ್ಲಿ ಅವರ ಜಗಳ ನಿಜಕ್ಕೂ ಯಾವುದರ ಮೇಲೆ ಎಂದು ಗುರುತಿಸುವುದು. ಸತೀಶ ಕರಿಹಲಗೆಯ ಮೇಲೆ ಎರಡು ಗೆರೆ ಎಳೆದು, ಒಂದರ ತಲೆಗೆ ಹೆಂಡತಿ, ಇನ್ನೊಂದಕ್ಕೆ ಗಂಡ ಎಂದು ಬರೆದ. ಬಂಗಡೆ ದುಬಾರಿ, ಇವತ್ತು ತರುವುದು ಬೇಡ ಎನ್ನುತ್ತಾಳೆ ಹೆಂಡತಿ. ಬಂಗಡೆ ತಾಜಾ ಇದೆ, ಇವತ್ತೇ ತರಬೇಕು ಎನ್ನುತ್ತಾನೆ ಗಂಡ. ಜಗಳ ಯಾವುದರ ಮೇಲೆ? ದರದ ಮೇಲೆ ಎಂದರು ನಾಲ್ಕು ಜನ.

"ಗಂಡ ದರದ ಮಾತು ಎತ್ತಿದ್ದಾನೆಯೇ?" ಎಂದ ಸತೀಶ. "ಎತ್ತಿಲ್ಲ. ದುಬಾರಿ ಎಂದು ಅವನೂ ಒಪ್ಪಬಹುದು. ಪ್ರತಿ ಉತ್ತರಕ್ಕೂ ಮೂರೇ ಮಾತು ಕೇಳಿ. ಒಬ್ಬ ಹೌದು ಅಂತಾನಾ? ಇನ್ನೊಬ್ಬ ಅಲ್ಲ ಅಂತಾನಾ? ಅಥವಾ ಇಬ್ಬರಲ್ಲಿ ಒಬ್ಬ ಆ ಮಾತೇ ಎತ್ತಿಲ್ಲವಾ? ಎತ್ತದಿದ್ದರೆ ಅದನ್ನು ಹೊಡೆದುಹಾಕಿ."

"ದುಬಾರಿ ಅಂತ ಒಪ್ಪಿದ್ರೂ ತರ್ತಾನೆ ಸರ್, ನಮ್ಮಪ್ಪನ ಹಂಗೆ" ಎಂದಳು ಹಿಂದಿನ ಬೆಂಚಿನ ಹುಡುಗಿ. ಕೋಣೆ ನಕ್ಕಿತು.

ಬುಧವಾರ ಹಂಚಿದ್ದ ಹಾಳೆಯ ಇಪ್ಪತ್ತು ಪ್ರಶ್ನೆಗಳನ್ನು ಬಿಡಿಸಿದ್ದಾರೆಯೇ ಎಂದು ನೋಡುತ್ತ ಅವನು ಬೆಂಚುಗಳ ನಡುವೆ ನಡೆದ. ಕಿಟಕಿಯ ಪಕ್ಕ ಪೂಜಾ ಕೂತಿದ್ದಳು. ದುರ್ಗಪ್ಪನ ಮಗಳು. ಫೆಬ್ರುವರಿಯಲ್ಲಿ ಅವಳು ಕ್ಲಾಸಿಗೆ ಸೇರಿದ ದಿನ ಸತೀಶನ ಕೈಯ ಸೀಮೆಸುಣ್ಣ ಮುರಿದಿತ್ತು. ಸಣ್ಣವಳಿದ್ದಾಗ ಸತೀಶ ಮಾವ ಎಂದು ಸೈಕಲ್ಲಿನ ಹಿಂದೆ ಓಡಿ ಬರುತ್ತಿದ್ದವಳು ಈಗ ಎಲ್ಲರಂತೆ ಸರ್ ಎನ್ನುತ್ತಿದ್ದಳು. ಅದು ಅವನಿಗೆ ನೆಮ್ಮದಿಯೇ ಆಗಿತ್ತು.

ಅವಳ ಹಾಳೆಯಲ್ಲಿ ಎಲ್ಲ ಪ್ರಶ್ನೆಗೂ ಪೆನ್ಸಿಲಿನ ಗುರುತಿತ್ತು. ಹದಿನಾಲ್ಕನೆಯದು ಮಾತ್ರ ಖಾಲಿ. ಅವಳು ಹಾಳೆಯನ್ನು ಅವನ ಕಡೆ ತಿರುಗಿಸಿ ಸುಮ್ಮನೆ ಕೂತಳು. ಸತೀಶ ಬಗ್ಗಿ ಓದಿದ.

ರಾಮು: ಕೆರೆಯ ತೂಬಿನ ಅಡಿಹಲಗೆಯನ್ನು ಈಗಲೇ ಇಳಿದು ಎತ್ತಬೇಕು. ತಡ ಮಾಡಿದರೆ ಕಟ್ಟೆ ಉಳಿಯುವುದಿಲ್ಲ.

ಶಾಮು: ಹಲಗೆ ಎತ್ತಬೇಕಾದದ್ದು ನಿಜ. ಆದರೆ ಇನ್ನು ಎರಡು ಕವಳದ ಹೊತ್ತಿನಲ್ಲಿ ನೀರು ನಿಲ್ಲುತ್ತದೆ. ಆಮೇಲೆ ಎತ್ತಿದರೂ ಕಟ್ಟೆ ಉಳಿಯುತ್ತದೆ. ಈಗ ಇಳಿದರೆ ಇಳಿದವನು ಉಳಿಯುವುದಿಲ್ಲ.

ಬರೆದವನು ಅವನೇ. ಮಂಗಳವಾರ ಸಂಜೆ, ಹದಿಮೂರು ಪ್ರಶ್ನೆ ಬರೆದು ತಲೆ ಬರಿದಾಗಿ ಕೂತಿದ್ದಾಗ, ಇದೊಂದು ತಾನಾಗಿ ಬಂದಿತ್ತು. ಎಷ್ಟು ಸಲೀಸಾಗಿ ಬಂತು ಎಂದು ಖುಷಿಯೂ ಆಗಿತ್ತು. ಜಂತ್ರಡಿ ಎಂದು ಬರೆಯದೆ ಕೆರೆಯ ತೂಬು ಎಂದಿದ್ದ. ಹೆಸರು ಬದಲಿಸಿದ್ದ. ಅಷ್ಟು ಬದಲಿಸುವಾಗ ಕೈಗೆ ಗೊತ್ತಿತ್ತು, ತನಗೆ ಹೇಗೆ ಗೊತ್ತಾಗಲಿಲ್ಲ?  ಪೂಜಾಳ ಬೆಂಚಿನ ಅಂಚನ್ನು ಹಿಡಿದುಕೊಂಡ. ಇನ್ನೂರು ಪ್ರತಿ ಮಾಡಿಸಿದ್ದರು ಪ್ರದೀಪ. ಅಂಕೋಲೆಯ ಬೇರೆ ಕ್ಲಾಸುಗಳಿಗೂ ಕಳಿಸಿದ್ದರು.

"ಮುಂದಿನ ಕ್ಲಾಸಲ್ಲಿ ಬಿಡಿಸೋಣ" ಎಂದ. ಮುಂದಿನ ಬೆಂಚಿಗೆ ಸರಿದ.

*

ದುರ್ಗಪ್ಪ ಸತ್ತ ಆ ಆಷಾಢದ ಅಮಾವಾಸ್ಯೆಯ ಬೆಳಿಗ್ಗೆ, ಮೂರು ದಿನದ ಮಳೆ ಹಿಡಿದು ಸುರಿಯುತ್ತಿದ್ದಾಗ, ಅವನು ತನ್ನ ಗದ್ದೆಯ ನೀರು ನೋಡಲೆಂದು ಹೋಗಿ ಮಳೆ ಜೋರಾಯಿತೆಂದು ಮಾಳದಲ್ಲಿ ಕೂತಿದ್ದ. ಗದ್ದೆ ಕಾಯಲು ನಾಲ್ಕು ಕಂಬ ನಿಲ್ಲಿಸಿ, ತೆಂಗಿನ ಮಡಲು ಹೊದಿಸಿದ ಗೂಡು ಅದು. ಜಂತ್ರಡಿಗೂ ಅದಕ್ಕೂ ಇಪ್ಪತ್ತು ಹೆಜ್ಜೆ. ಒಳಗೆ ಗದ್ದೆಯ ತುಂಬ ನೀರು. ಹೊರಗೆ ಹಳ್ಳ ಇಳಿತದಲ್ಲಿತ್ತು. ಅಡಿಹಲಗೆ ಕಲ್ಲಿನ ಸೀಳಿನಲ್ಲಿ ಸಿಕ್ಕಿಕೊಂಡಿತ್ತು. ಮೇಲಿನ ಹಲಗೆ ತೆಗೆದ ಸಂದಿಯಲ್ಲಿ ನೀರು ಹುಚ್ಚು ಹಿಡಿದು ಹೊರಗೆ ಧುಮುಕುತ್ತಿತ್ತು.

ಜಂತ್ರಡಿಯ ಮೇಲೆ ದುರ್ಗಪ್ಪ, ಪುಂಡಲೀಕ ಇಬ್ಬರೇ ನಿಂತಿದ್ದರು. ದುರ್ಗಪ್ಪ ಕಾಯೋಣ ಎಂದ. ಭರತ ಏರಿ ಒಳಗಿನ ನೀರಿಗೂ ಹೊರಗಿನ ನೀರಿಗೂ ಸಮ ಆದರೆ ಸೆಳೆತ ನಿಲ್ಲುತ್ತದೆ, ಎರಡು ಕವಳದ, ಎಂದರೆ ಎರಡು ಸಲ ಎಲೆಯಡಿಕೆ ಜಗಿಯುವ ಹೊತ್ತು, ಅಷ್ಟೇ. ಪುಂಡಲೀಕ ಒಪ್ಪಲಿಲ್ಲ. ಸತೀಶನಿಗೆ ಒಂದೊಂದು ಮಾತೂ ಕೇಳಿತ್ತು. ಕೊನೆಗೆ ಪುಂಡಲೀಕ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಹೇಳಿದ, ಅದೂ ಕೇಳಿತ್ತು. ದುರ್ಗಪ್ಪ ಬಾಯಲ್ಲಿದ್ದ ಕವಳ ಉಗಿದು, ಪಂಚೆ ಎತ್ತಿ ಕಟ್ಟಿ ಇಳಿದ. ಹಲಗೆ ಕಿತ್ತು ಬಂತು. ಅದರ ಹಿಂದೆಯೇ ಅವನೂ ಹೋದ. ಬದಿಯ ಮಣ್ಣು ಕುಸಿಯಿತು, ಅಷ್ಟುದ್ದ ಕಟ್ಟೆ ಬಾಯಿಬಿಟ್ಟಿತು. ಸತೀಶ ಏಳಬೇಕೆಂದುಕೊಂಡ. ಕಾಲು ಏಳಲಿಲ್ಲ. ಆಗ ಪುಂಡಲೀಕ ಮಾಳದ ಕಡೆ ಒಮ್ಮೆ ತಿರುಗಿ ನೋಡಿದ್ದ. ಒಂದೇ ಒಂದು ಸಲ.

ಪುಂಡಲೀಕ ಕೂಗಿ ಜನ ಸೇರಿದ ಮೇಲೆ ಸತೀಶನೂ ಅವರ ನಡುವೆ, ಮನೆಯಿಂದ ಓಡಿ ಬಂದವನಂತೆ, ನಿಂತಿದ್ದ. ಇಳಿತಕ್ಕೆ ದೇಹ ಹಳ್ಳದಂಚಿನ ಕಾಂಡ್ಲದ ಗಿಡಗಳ ಬುಡದಲ್ಲಿ ಸಿಕ್ಕಿತು. ವಿಚಾರಿಸಲು ಬಂದ ಪೊಲೀಸರು ಅಕ್ಕಪಕ್ಕದ ಗದ್ದೆಯವರನ್ನೆಲ್ಲ ಕೇಳಿದರು. ನಾನು ಮನೆಯಲ್ಲಿ ಮಲಗಿದ್ದೆ ಎಂದು ಸತೀಶ ಸಹಿ ಮಾಡಿದ. ಐದು ಶಬ್ದವೂ ಇಲ್ಲದ ಆ ವಾಕ್ಯವನ್ನು ಅಂದಿನಿಂದ ಅವನು ಮತ್ತೆ ಹೇಳಬೇಕಾಗಿ ಬಂದಿರಲಿಲ್ಲ. ಪುಂಡಲೀಕನೂ ಎಂದೂ ಕೇಳಿರಲಿಲ್ಲ. ಆ ವರ್ಷದಿಂದ ಸುಗ್ಗಿಯ ಮೇಲಿನ ಮೊದಲ ಬುಟ್ಟಿ ಮೀನು ಮಾತ್ರ ಸತೀಶನ ಮನೆಗೆ ಬರತೊಡಗಿತ್ತು.

*

ಸಂಜೆಯ ಬಸ್ಸಿನಲ್ಲಿ ಪೂಜಾ ಅವನ ಹಿಂದಿನಿಂದ ಎದ್ದು ಬಂದು ಪಕ್ಕದಲ್ಲಿ ಕೂತಳು. ಅವನು ಕಿಟಕಿಗೆ ಸರಿದ. ಹೊರಗೆ ಸಮುದ್ರ ಸೀಸದ ಬಣ್ಣಕ್ಕೆ ತಿರುಗಿತ್ತು.

"ಕೆರೆ ನೀರು ಎರಡು ಕವಳದ ಹೊತ್ತಲ್ಲಿ ನಿಲ್ತದಾ ಸರ್?" ಎಂದಳು. "ಕೆರೆಗೆ ಭರತ ಎಲ್ಲಿ ಬರ್ತದೆ?"

"ಅದು ಸುಮ್ನೆ ಉದಾಹರಣೆಗೆ ಬರ್ದದ್ದು."

ಅವಳು ತಲೆಯಾಡಿಸಿದಳು. ಸ್ವಲ್ಪ ಹೊತ್ತು ಮುಂದಿನ ಸೀಟಿನ ಕಂಬಿ ನೋಡುತ್ತಿದ್ದಳು. "ನಮ್ಮಪ್ಪ ಗಡಿಯಾರ ಕಟ್ತಿರ್ಲಿಲ್ಲ. ಅಂಕೋಲೆ ಪೇಟೆಗೆ ನಡ್ಕಂಡು ಹೋಗೂಕೆ ನಾಕು ಕವಳ. ಗಂಜಿ ಬೇಯೂಕೆ ಎರಡು ಕವಳ. ನಂಗೆ ಜ್ವರ ಬಂದಾಗ, ಮೂರು ಕವಳದ ಹೊತ್ತು ಮಲ್ಕೊ ತಂಗಿ, ಕಮ್ಮಿ ಆತದೆ ಅಂತಿದ್ದ. ಬೇರೆ ಯಾರೂ ಹಂಗೆ ಹೇಳೂದು ನಾನು ಕೇಳ್ಲಿಲ್ಲ."

  ಮುಂದಿನ ಸೀಟುಗಳಲ್ಲಿ ಭಾವಿಕೇರಿಯ ಯಾರಾದರೂ ಇದ್ದಾರೆಯೇ ಎಂದು ಸತೀಶ ಒಂದೊಂದೇ ತಲೆ ನೋಡಿದ.

"ಮೂರನೇ ಉತ್ತರಕ್ಕೆ ಗುರುತು ಹಾಕೂಕೆ ಹೋಗಿದ್ದೆ" ಎಂದಳು ಪೂಜಾ. "ಇಳಿದವ ಉಳೀತಾನೋ ಇಲ್ವೋ, ಅದ್ರ ಮೇಲೇ ಜಗಳ ಅಂತ. ಆಮೇಲೆ ನೀವು ಹೇಳ್ದಂಗೆ ಗೆರೆ ಎಳ್ದು ನೋಡ್ದೆ. ಎರಡನೆಯವ ಉಳಿಯೂದಿಲ್ಲ ಅಂದಾನೆ. ಮೊದಲನೆಯವ ಆ ಮಾತೇ ಎತ್ಲಿಲ್ಲ. ಬರೀ ಕಟ್ಟೆ, ಕಟ್ಟೆ." ಅವಳು ಅವನ ಕಡೆ ತಿರುಗಿದಳು. "ಅವ ಎತ್ಲಿಲ್ವಾ ಸರ್? ಇಲ್ಲಾ, ನೀವು ಬರೀಲಿಲ್ವಾ?"

ಬಸ್ಸು ಬಿಣಗಾದ ಸುರಂಗದೊಳಗೆ ನುಗ್ಗಿತು. ಕಿಟಕಿ ಕಪ್ಪಾಯಿತು. ಗಾಜಿನಲ್ಲಿ ಅವನ ಮುಖ, ಅದರ ಹಿಂದೆ ಅವಳದು. ಗಾಳಿಯ ಸದ್ದು ನೀರಿನ ಸದ್ದಿನಂತೆಯೇ ಇತ್ತು.

"ಎತ್ಲಿಲ್ಲ" ಎಂದ.

ಹೇಳಿಯಾದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೆ ಹೊಳೆಯಿತು. ಬೆಳಕು ಬಂತು. ಪೂಜಾ ಅಳಲಿಲ್ಲ, ಬಯ್ಯಲೂ ಇಲ್ಲ. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಅಮದಳ್ಳಿ ದಾಟಿತು. ಕಂಡಕ್ಟರ್ ಕೊಂಕಣಿಯಲ್ಲಿ ಯಾರಿಗೋ ಮುಂದೆ ಸರಿಯಲು ಹೇಳುತ್ತಿದ್ದ. ಅವರ್ಸಾ ಬಂತು. 

"ಹಂಗಾರೆ ಎಂತಕೆ ಇಳಿದ?" ಎಂದಳು ಕೊನೆಗೆ. "ಇಳಿದ್ರೆ ಉಳಿಯೂದಿಲ್ಲ ಅಂದವನೇ ಎಂತಕೆ ಇಳಿದ? ಪ್ರಶ್ನೆಯಲ್ಲಿ ಅದಿಲ್ಲ."

ಅದಿರಲಿಲ್ಲ. ಅದನ್ನು ಅವನು ಬರೆದಿರಲಿಲ್ಲ. ಅದು ವಾದವಲ್ಲ, ಗೆರೆಯ ಯಾವ ಬದಿಗೂ ಕೂರುವ ಮಾತಲ್ಲ. ಅದನ್ನು ಹೇಳಿಬಿಟ್ಟರೆ ಆ ಸಣ್ಣ ದನಿ, ಆ ಒಂದು ನೋಟ, ತನ್ನ ಗದ್ದೆಯ ನೀರು, ತನ್ನ ಸಹಿ ಎಲ್ಲ ಒಟ್ಟಿಗೆ ಕುಸಿದು ಮೈಮೇಲೆ ಬರುತ್ತವೆ. ಸತೀಶ ಸಮುದ್ರ ನೋಡಿದ.

ಅಂಕೋಲೆಯಲ್ಲಿ ಇಳಿಯುವಾಗ ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಮೊಣಕಾಲ ಮೇಲೆ ಇಟ್ಟಳು. "ನಂಗೆ ಬರೂದಿಲ್ಲ. ನೀವೇ ಬರೀರಿ. ನಾಳೆ ಕಡೇ ದಿನ. ಅವ್ವ ಬುಟ್ಟಿ ತೊಳ್ದು ಇಟ್ಕಂಡದೆ. ಬೇಡ ಅಂದ್ರೂ ಕೇಳೂದಿಲ್ಲ."

ಊರಿನ ಬಸ್ಸಿಗೆ ಅವಳು ಕಾಯಲಿಲ್ಲ. ನಡೆದೇ ಹೋದಳು.

*

ರಾತ್ರಿಯ ಊಟಕ್ಕೆ ಕೂತಾಗ ಸತೀಶ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದ, ತಿನ್ನಲಿಲ್ಲ. ಹೆಂಡತಿ ಜಯಶ್ರೀ ಎರಡು ಸಲ ಸಾರು ಬಡಿಸಿದಳು. ಆಮೇಲೆ ಅವನ ಅಂಗಿಯ ಜೇಬಿನಿಂದ ತೆಗೆದ ಹಾಳೆಯನ್ನು ತಟ್ಟೆಯ ಪಕ್ಕ ಇಟ್ಟಳು. ಒಗೆಯಲು ಹಾಕುವ ಮೊದಲು ಜೇಬು ನೋಡುವವಳು ಅವಳು, ಓದಿದ್ದಳು.

ಇದು ಪುಂಡಲೀಕಣ್ಣನ ಕೈಗೆ ಸಿಕ್ಕರೆ ಎಂದು ಅವನು ಶುರುಮಾಡಿದ. ಮಳೆಗಾಲದಲ್ಲಿ ಅವನು ಅಂಚು ಕಟ್ಟಿಬಿಟ್ಟರೆ ನಮ್ಮ ಗದ್ದೆ ಕೆರೆಯಾಗುತ್ತದೆ. ಸುಳ್ಳು ಸಹಿ ಮಾಡಿದ್ದಕ್ಕೆ ಕೇಸು ಬೀಳಬಹುದು. ಕ್ಲಾಸಿನ ಕೆಲಸವೂ ಹೋಗಬಹುದು. ಒಂದೊಂದನ್ನೂ ಬೆರಳು ಮಡಚಿ ಹೇಳಿದ. ಜಯಶ್ರೀ ಕೇಳಿಸಿಕೊಂಡಳು.

"ಆ ದಿನ ನಿಮ್ಮ ಒದ್ದೆ ಪಂಚೆ ತುಂಬ ಮಾಳದ ಮಡಲಿನ ಚೂರು ಇತ್ತು" ಎಂದಳು. "ಹಿಂಡಿ ಒಣಗ್ಸಿದವ್ಳು ನಾನು. ಮನೇಲಿ ಮಲ್ಗಿದವ್ರ ಪಂಚೆಗೆ ಅದು ಎಲ್ಲಿಂದ ಬರ್ತದೆ?"

ಅವನು ತಲೆ ಎತ್ತಿದ.

"ಮೂರು ವರ್ಷ ಆ ಮೀನು ಅಡಿಗೆ ಮಾಡ್ದೆ ನಾನು" ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

*

ಶನಿವಾರ ಮೋಡ ತಲೆಯ ಮೇಲೇ ಬಂದು ಕೂತಿತ್ತು. ಗಾಳಿ ಇರಲಿಲ್ಲ. ಕಾಂಡ್ಲದ ಎಲೆ ಅಲುಗುತ್ತಿರಲಿಲ್ಲ. ಉಳಿದದ್ದು ಜಂತ್ರಡಿಯ ಬದಿಯ ಎರಡು ಮಾರು ಮಾತ್ರ. ಹಿಂದೆ ಒಡೆದದ್ದೂ ಅಲ್ಲಿಯೇ. ಸಾಲು ಅಲ್ಲಿಗೇ ಮುಖ ಮಾಡಿ ನಿಂತಿತು. ಇವತ್ತು ಬೆನ್ನು ಹಾಕಲು ಜಾಗವಿರಲಿಲ್ಲ.

ಪುಂಡಲೀಕ ಸಾಲಿನುದ್ದಕ್ಕೂ ಬಂದು ಸತೀಶನ ಬಳಿ ನಿಂತ. ಕೊಡೆಯ ತುದಿಯಿಂದ ಅವನ ಪಾದದ ಹತ್ತಿರದ ಮಣ್ಣು ಕೆದಕಿದ.

"ದುರ್ಗಪ್ಪನ ಹುಡುಗಿ ನಿನ್ನ ಪಕ್ಕನೇ ಕೂತ್ಕಂಡು ಬಂತಂತೆ ನಿನ್ನೆ" ಎಂದ, ಯಾರ ಕಡೆಗೂ ನೋಡದೆ. "ಏನೋ ಕಾಗದ ತೋರಿಸ್ತಾ ಇತ್ತಂತೆ. ಒಳ್ಳೇದು. ಓದ್ಲಿ. ನಮಗೂ ಒಂದು ಕಾಗದ ಕೊಡು ಮಾರಾಯಾ, ನಾವೂ ಓದೂಕೆ ಕಲ್ತವರೇ."

  ಪುಂಡಲೀಕ ಮುಂದೆ ಹೋದ. ಹೆಂಟೆ ಬರುತ್ತಿತ್ತು, ಹೋಗುತ್ತಿತ್ತು. ಆ ಕಡೆ ಬೀಳು ಗದ್ದೆಯ ಬದುವಿನಲ್ಲಿ ಗಂಗೂ ಕೂತಿದ್ದಳು, ಹಿಂದೆ ಪೂಜಾ ನಿಂತಿದ್ದಳು. ಯಾರೂ ಆ ಕಡೆ ನೋಡುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಇನ್ನು ಒಂದು ಗೇಣು ಉಳಿದಾಗ ಪುಂಡಲೀಕ ಜೇಬಿನಿಂದ ಮನೆಗಳ ಪಟ್ಟಿ ತೆಗೆದ. ಮಣ್ಣು ಬಿದ್ದ ಮನೆಗಳ ಹೆಸರು ಓದುತ್ತ ಬಂದು, ಕೊನೆಗೆ, "ದುರ್ಗಪ್ಪನ ಮನೆ, ಮೂರನೇ ವರ್ಷ, ಇಲ್ಲ" ಎಂದು ಪೆನ್ನಿನ ಮುಚ್ಚಳ ತೆಗೆದ.

"ಇಬ್ರೂ ಹಲಗೆ ಎತ್ಬೇಕು ಅಂತಲೇ ಹೇಳಿದ್ರು" ಎಂದ ಸತೀಶ.

ಪಾಠ ಹೇಳುವ ದನಿಯಲ್ಲೇ ಬಂತು ಅದು. ಬೇರೆ ದನಿ ಅವನಲ್ಲಿ ಇರಲಿಲ್ಲ. ಕೈಯಲ್ಲಿ ಆಗಷ್ಟೇ ಬಂದ ಹೆಂಟೆ ಇತ್ತು. ರೂಪೇಶ ಕೈಯೊಡ್ಡಿದವನು ಹಾಗೇ ನಿಂತ.

"ಯಾರು?" ಎಂದ ರೂಪೇಶ.

"ಪುಂಡಲೀಕಣ್ಣ, ದುರ್ಗಪ್ಪ. ಆ ದಿನ. ಕದಿಯೂಕೆ ಬಂದದ್ದಲ್ಲ ದುರ್ಗಪ್ಪ. ಹಲಗೆ ಎತ್ಬೇಕು ಅಂತ ಇಬ್ರೂ ಒಪ್ಪಿದ್ರು. ಕಾಯೂಕೆ ಆತದೋ ಇಲ್ವೋ ಅಂಬುದೊಂದೇ ಜಗಳ. ಎರಡು ಕವಳದ ಹೊತ್ತು ತಡಿ, ನೀರು ನಿಲ್ತದೆ, ಈಗ ಇಳಿದ್ರೆ ನಾ ಉಳಿಯೂದಿಲ್ಲ ಅಂದ ಅವ."

ಕೆಳಗೆ ಮಣ್ಣು ಕಡಿಯುವವರ ಹಾರೆಯ ಸದ್ದು ನಿಂತಿತು.

ಪುಂಡಲೀಕ ಪೆನ್ನಿನ ಮುಚ್ಚಳ ಹಾಕಿದ. "ನೀ ಮನೇಲಿ ಮಲಗಿದ್ದೆಯಲ್ಲ" ಎಂದ. "ಸಹಿ ಮಾಡಿ ಕೊಟ್ಟೀಯೆ."

"ಸುಳ್ಳು ಕೊಟ್ಟೆ. ನಾನು ಮಾಳದಲ್ಲಿದ್ದೆ. ನೀ ನೋಡಿದ್ದೆ ನನ್ನ."

 ಇಷ್ಟಕ್ಕೇ ನಿಲ್ಲಿಸಬಹುದು ಎನಿಸಿತು ಸತೀಶನಿಗೆ. ಬದುವಿನ ಮೇಲೆ ಪೂಜಾ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಪ್ರಶ್ನೆಯಲ್ಲಿ ಇಲ್ಲದ ಮಾತಿಗೆ ಅವಳು ಕಾಯುತ್ತಿದ್ದಳು.

"ಆಗ ನೀ ಹೇಳ್ದೆ," ಎಂದ ಸತೀಶ, "ಈಗ ಇಳೀದಿದ್ರೆ ನಾಳೆಯಿಂದ ನಿನ್ನ ಮನೆ ಮಣ್ಣು ಈ ಕಟ್ಟೆಗೆ ಬೇಡ ಅಂತ. ಅದಕ್ಕೇ ಇಳಿದ ಅವ."

 ಪುಂಡಲೀಕನ ಮುಖ ಕೆಂಪೂ ಆಗಲಿಲ್ಲ, ಕಪ್ಪೂ ಆಗಲಿಲ್ಲ. ಅವನು ಪಟ್ಟಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಸಾಲಿನಲ್ಲಿ ಒಬ್ಬೊಬ್ಬರೇ ಸತೀಶನನ್ನು ನೋಡಿದರು. ಮೂರು ವರ್ಷ ನಮ್ಮ ನಡುವೆ ನಿಂತು ಮಣ್ಣು ದಾಟಿಸಿದವನು ಇವನೇ ಎಂಬಂತೆ. ರೂಪೇಶ ಒಡ್ಡಿದ್ದ ಕೈಗಳನ್ನು ನಿಧಾನಕ್ಕೆ ಹಿಂದೆ ತೆಗೆದುಕೊಂಡು ಪಂಚೆಗೆ ಒರೆಸಿಕೊಂಡ. ಹೆಂಟೆ ಸತೀಶನ ಕೈಯಲ್ಲೇ ಉಳಿಯಿತು.

ಗಂಗೂ ಎದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ಹಿಡಿದು, ಕಟ್ಟೆಯ ಮೇಲೆ ಒಂದೊಂದೇ ಕಾಲಿಟ್ಟು ಬಂದಳು. ಜನ ಸರಿದು ದಾರಿ ಬಿಟ್ಟರು. ಬಿಡಬೇಕೆಂದು ಯಾರೂ ಹೇಳಲಿಲ್ಲ. ಅವಳು ಪುಂಡಲೀಕನನ್ನು ದಾಟಿದಳು. ಸತೀಶನ ಎದುರಿಗೆ ಬಂದಾಗ ಅವನು ಎರಡೂ ಕೈ ಮುಂದೆ ಚಾಚಿ ಹೆಂಟೆಯನ್ನು ಅವಳ ಬುಟ್ಟಿಯ ಕಡೆ ಹಿಡಿದ. ಅವಳು ಆ ಮಣ್ಣನ್ನು ನೋಡಿದಳು, ಅವನ ಮುಖ ನೋಡಲಿಲ್ಲ. ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ಅವನ ಪಕ್ಕದಿಂದ ಹಳ್ಳಕ್ಕೆ ಇಳಿದಳು. ಕೆಳಗೆ ಬಗ್ಗಿ, ಬರಿಗೈಯಲ್ಲಿ, ತನ್ನ ಮಣ್ಣನ್ನು ತಾನೇ ಕಡಿಯತೊಡಗಿದಳು. ಪೂಜಾ ಓಡಿ ಬಂದು ಅವಳ ಜೊತೆ ಇಳಿದಳು.

ಹಳ್ಳ ಪೂರ್ತಿ ಇಳಿದು ನಿಂತಿತ್ತು. ಒಂದು ಒಣಗಿದ ಕಾಂಡ್ಲದ ಎಲೆ ನೀರಿನ ಮೇಲೆ ಎತ್ತಲೂ ಹೋಗದೆ ಇದ್ದಲ್ಲೇ ಇತ್ತು. ಸತೀಶ ಹೆಂಟೆ ಹಿಡಿದು ನಿಂತಿದ್ದ. ಅದರ ನೀರು ಮೊಣಕೈಯಿಂದ ಇಳಿದು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಭಾರ ಹೆಚ್ಚುತ್ತಿತ್ತು. ಕೆಳಗಿಡಲು ಅವನಿಗೆ ಧೈರ್ಯವಾಗಲಿಲ್ಲ, ತೆಗೆದುಕೊಳ್ಳಲು ಯಾರೂ ಕೈ ನೀಡಲಿಲ್ಲ. ತುಂಬ ಹೊತ್ತಿನ ಮೇಲೆ ಆ ಎಲೆ ಒಂದಿಷ್ಟು ಅಲುಗಿತು, ಆಮೇಲೆ ಭರತದ ಮೊದಲ ನೀರಿಗೆ ಮೆಲ್ಲಗೆ ತಿರುಗಿ, ಜಂತ್ರಡಿಯ ಕಡೆಗೆ ಬರತೊಡಗಿತು.